ಖುಷಿಯಾಗಿದ್ದರೆ ಆಯಸ್ಸು ಹೆಚ್ಚುತ್ತದೆಯೇ?

ಪ್ರಶ್ನೆ: ನನ್ನ ತಂದೆಗೆ 72 ವರ್ಷ. ಒಂದೂವರೆ ವರ್ಷದ ಹಿಂದೆ ತಾಯಿ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. 12 ವರ್ಷದಿಂದ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಶುಗರ್, ಬಿ.ಪಿ. ಎರಡೂ ಹತೋಟಿಯಲ್ಲಿವೆ. ಆದರೆ ವಾಕಿಂಗ್ ಬಿಟ್ಟುಬಿಟ್ಟಿದ್ದಾರೆ. ರಾತ್ರಿ ಎಂಟೂವರೆಗೆಲ್ಲ ಮಲಗುತ್ತಾರೆ, ಬೆಳಗಿನ ಜಾವ ಮೂರಕ್ಕೆ ಎದ್ದು ಕೂರುತ್ತಾರೆ. ಹಗಲೆಲ್ಲ ಜೋರಾಗಿ ಟಿ.ವಿ. ಹಾಕಿಕೊಂಡು ಅದರ ಮುಂದೆಯೇ ತೂಕಡಿಕೆ. ಏನಾದರೂ ಕೇಳಿದರೆ ‘ನನಗೇನಾಗಿದೆ, ಚೆನ್ನಾಗೇ ಇದ್ದೀನಲ್ಲ’ ಎನ್ನುತ್ತಾರೆ. ಡಾಕ್ಟರು ರಿಪೋರ್ಟ್ ನೋಡಿ, ‘ಎಲ್ಲ ನಾರ್ಮಲ್. ಮನಸ್ಸನ್ನು ಖುಷಿಯಾಗಿಟ್ಟುಕೊಳ್ಳಿ, ನೂರು ವರ್ಷ ಬಾಳುತ್ತೀರಿ’ ಎಂದರು. ಇದು ವಿಜ್ಞಾನವೋ, ಸಮಾಧಾನದ ಮಾತೋ? ವಿಜ್ಞಾನವೇ ಆದರೆ, ಮನಸ್ಸನ್ನು ಖುಷಿಯಾಗಿಡುವುದು ಹೇಗೆ?

ಉತ್ತರ: ಡಾಕ್ಟರು ಹೇಳಿದ್ದು ಅರ್ಧ ನಿಜ. ಮನಸ್ಸಿನ ಸ್ಥಿತಿಗೂ ಆಯಸ್ಸಿಗೂ ನಂಟಿದೆ, ಅದಕ್ಕೆ ಸಾಕಷ್ಟು ಆಧಾರವೂ ಇದೆ. ಉಳಿದರ್ಧದಲ್ಲಿ ತೊಡಕಿದೆ. ಖುಷಿಯಾಗಿರಿ ಎಂದು ಚೀಟಿ ಬರೆದುಕೊಟ್ಟರೆ ಅದನ್ನು ಯಾವ ಅಂಗಡಿಯಲ್ಲೂ ಕೊಡುವುದಿಲ್ಲ. ಹೆಂಡತಿಯನ್ನು ಕಳೆದುಕೊಂಡವರಿಗೆ ಆ ಮಾತು ಇನ್ನೊಂದು ಹೊರೆಯೂ ಆಗುತ್ತದೆ: ದುಃಖ ಇದ್ದೇ ಇದೆ, ಈಗ ದುಃಖಪಟ್ಟರೆ ಆಯಸ್ಸು ಕಡಿಮೆಯಾಗುತ್ತದೆ ಎಂಬ ಭಯ ಬೇರೆ. ನಿಮ್ಮ ತಂದೆಯವರ ಮನಸ್ಸಿಗೆ ನೇರವಾಗಿ ಕೈಹಾಕಲು ಹೋಗಬೇಡಿ. ಅವರ ದಿನಚರಿ, ಅವರ ಕಿವಿ, ಅವರ ನಿದ್ರೆಯ ಲೆಕ್ಕ, ಇನ್ನೂ ಮಾಡಿಸದ ಒಂದೆರಡು ರಕ್ತಪರೀಕ್ಷೆ, ಇವಕ್ಕೆ ಕೈಹಾಕಿ. ಯಾಕೆಂಬುದನ್ನು ಮೊದಲು ನೋಡೋಣ.

ಈ ವಿಷಯದಲ್ಲಿ ಎಲ್ಲರೂ ಎತ್ತಿ ಹೇಳುವ ಅಧ್ಯಯನ ಅಮೆರಿಕದ ಕ್ರೈಸ್ತ ಸನ್ಯಾಸಿನಿಯರದ್ದು. ಮಠ ಸೇರಿದ ಹೊಸತರಲ್ಲಿ, ಸರಾಸರಿ 22ರ ವಯಸ್ಸಿನಲ್ಲಿ, 180 ಮಂದಿ ತಂತಮ್ಮ ಬದುಕಿನ ಬಗ್ಗೆ ಕೈಬರಹದಲ್ಲಿ ಪುಟ್ಟ ಆತ್ಮಕಥನ ಬರೆದಿದ್ದರು. ಸುಮಾರು ಆರು ದಶಕಗಳ ನಂತರ ಸಂಶೋಧಕರು ಆ ಹಾಳೆಗಳನ್ನು ತೆಗೆದು, ಸಂತೋಷ, ಕೃತಜ್ಞತೆ, ಭರವಸೆಯ ವಾಕ್ಯಗಳು ಎಷ್ಟಿವೆ ಎಂದು ಎಣಿಸಿದರು. ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಅಂಥ ವಾಕ್ಯಗಳು ತೀರಾ ಕಡಿಮೆ ಇದ್ದ ಕಾಲುಭಾಗದವರಿಗೆ, ಹೆಚ್ಚು ಇದ್ದ ಕಾಲುಭಾಗದವರಿಗಿಂತ ವೃದ್ಧಾಪ್ಯದಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಇತ್ತು. ಇದಕ್ಕೆ ಬೆಲೆ ಬಂದದ್ದು ಅವರ ಬದುಕಿನ ರೀತಿಯಿಂದ. ಒಂದೇ ಬಗೆಯ ಸೂರು, ಒಂದೇ ಬಗೆಯ ಊಟ, ಸಿಗರೇಟಿಲ್ಲ, ಹೆರಿಗೆಯಿಲ್ಲ, ಆದಾಯದಲ್ಲಿ ಏರುಪೇರಿಲ್ಲ. ಉಳಿದವರ ಅಧ್ಯಯನಗಳಲ್ಲಿ ಲೆಕ್ಕ ಕೆಡಿಸುವ ಎಷ್ಟೋ ಸಂಗತಿಗಳು ಇಲ್ಲಿ ತಾವಾಗಿಯೇ ಸಮನಾಗಿದ್ದವು.

ಮರುವರ್ಷ ಸಂಶೋಧಕಿ ಬೆಕ್ಕಾ ಲೆವಿ ಮತ್ತು ಸಂಗಡಿಗರು ಒಹಾಯೊ ರಾಜ್ಯದ 660 ಮಂದಿಯ ದಾಖಲೆಗಳನ್ನು ನೋಡಿದರು. ಎಲ್ಲರೂ 50 ದಾಟಿದವರು. ‘ವಯಸ್ಸಾದಂತೆ ನಾನು ಕೆಲಸಕ್ಕೆ ಬಾರದವನಾಗುತ್ತಿದ್ದೇನೆ’ ಎಂಬಂಥ ಮಾತುಗಳನ್ನು ಒಪ್ಪದೆ, ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇಟ್ಟುಕೊಂಡವರು ಉಳಿದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದ್ದರು.

ಇಷ್ಟನ್ನೇ ಓದಿದರೆ ಡಾಕ್ಟರ ಮಾತೇ ಸರಿ ಎನ್ನಿಸುತ್ತದೆ. ಆದರೆ 2015ರಲ್ಲಿ ಬ್ರಿಟನ್ನಿನ ಏಳು ಲಕ್ಷಕ್ಕೂ ಹೆಚ್ಚು ಮಧ್ಯವಯಸ್ಸಿನ ಮಹಿಳೆಯರ ಅಧ್ಯಯನವೊಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ‘ನೀವು ಎಷ್ಟು ಸಲ ಖುಷಿಯಾಗಿರುತ್ತೀರಿ’ ಎಂದು ಕೇಳಿ, ಸುಮಾರು ಹತ್ತು ವರ್ಷ ಅವರನ್ನು ಗಮನಿಸಲಾಗಿತ್ತು. ಖುಷಿಯಿಲ್ಲ ಎಂದವರಲ್ಲಿ ಮೇಲ್ನೋಟಕ್ಕೆ ಸಾವು ಹೆಚ್ಚಿತ್ತು. ಆದರೆ ಮೊದಲೇ ಇದ್ದ ಕಾಯಿಲೆ, ಧೂಮಪಾನ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಆ ವ್ಯತ್ಯಾಸ ಅಳಿಸಿಹೋಯಿತು. ಕಾಯಿಲೆಯೇ ಖುಷಿಯನ್ನು ಕಿತ್ತುಕೊಂಡಿತ್ತು, ಕಾಯಿಲೆಯೇ ಪ್ರಾಣವನ್ನೂ ತೆಗೆದಿತ್ತು. ಖುಷಿ ಇಲ್ಲದ್ದರಿಂದಲೇ ಸತ್ತರು ಎನ್ನಲು ಆಧಾರ ಸಿಗಲಿಲ್ಲ. ಈ ಅಧ್ಯಯನವನ್ನು ‘ಪಾಸಿಟಿವ್ ಥಿಂಕಿಂಗ್’ ಭಾಷಣಕಾರರು ಎಂದೂ ಎತ್ತುವುದಿಲ್ಲ. ಎತ್ತಬೇಕು. ನಿಮ್ಮ ತಂದೆಯಂಥವರಿಗೆ ಇದು ದೊಡ್ಡ ನೆಮ್ಮದಿಯ ಸುದ್ದಿ. ದುಃಖಪಡುವುದು ತನ್ನಷ್ಟಕ್ಕೆ ಆಯಸ್ಸನ್ನು ಕತ್ತರಿಸುತ್ತದೆ ಎನ್ನಲು ಈ ಅಧ್ಯಯನದಲ್ಲಿ ಆಧಾರವಿಲ್ಲ.

ಹಾಗಾದರೆ ಕತ್ತರಿಸುವುದು ಯಾವುದು? ಹೆಚ್ಚು ಗಟ್ಟಿಯಾದ ಸಾಕ್ಷ್ಯ ಇರುವುದು ಜನಸಂಪರ್ಕದ ಬಗ್ಗೆ. 2010ರಲ್ಲಿ 148 ಅಧ್ಯಯನಗಳನ್ನು, ಅಂದರೆ ಮೂರು ಲಕ್ಷಕ್ಕೂ ಮಿಕ್ಕಿದ ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಗಟ್ಟಿ ಸಂಬಂಧಗಳಿದ್ದವರು ಅಧ್ಯಯನದ ಅವಧಿಯಲ್ಲಿ ಬದುಕುಳಿದಿರುವ ಸಾಧ್ಯತೆ ಶೇ. 50ರಷ್ಟು ಹೆಚ್ಚಿತ್ತು. ಇಲ್ಲೂ ಒಂದು ಸೂಕ್ಷ್ಮವಿದೆ. ಇಂಗ್ಲೆಂಡಿನ 52 ದಾಟಿದ 6,500 ಮಂದಿಯ ಅಧ್ಯಯನ (2013) ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಅಳೆಯಿತು: ‘ನಾನು ಒಂಟಿ’ ಎಂಬ ಭಾವನೆ ಒಂದು, ನಿಜಕ್ಕೂ ಜನರೊಡನೆ ಒಡನಾಟ ಕಡಿಮೆಯಾಗಿರುವುದು ಇನ್ನೊಂದು. ಆರೋಗ್ಯ ಮತ್ತಿತರ ಅಂಶಗಳನ್ನು ಸರಿದೂಗಿಸಿದ ಮೇಲೂ ಸಾವಿನ ಅಪಾಯದೊಡನೆ ಅಂಟಿಕೊಂಡು ಉಳಿದದ್ದು ಎರಡನೆಯದು. ಎಂದರೆ, ‘ನನಗೇನೂ ಬೇಸರವಿಲ್ಲ’ ಎನ್ನುತ್ತ ಯಾರೊಡನೆಯೂ ಮಾತಿಲ್ಲದೆ ಕೂರುವವರ ಬಗ್ಗೆಯೂ ಎಚ್ಚರ ಬೇಕು. ನಿಮ್ಮ ತಂದೆ ಹೇಳುವುದು ಇದೇ ಮಾತನ್ನಲ್ಲವೇ?

ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ ಎನ್ನುತ್ತಾರೆ. ಆ ಸೊನ್ನೆ ದೇಹದೊಳಗೆ ಮಾಡುವ ಕೆಲಸವನ್ನು ಅಳೆದು ತೋರಿಸಿದ ಒಂದು ಪ್ರಯೋಗವಿದೆ. ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರು, ಅದೇ ವಯಸ್ಸಿನ, ಅಂಥ ಹೊಣೆಯಿಲ್ಲದ ಇನ್ನೂ 13 ಮಂದಿ. ಎಲ್ಲರ ಮುಂದೋಳಿನ ಚರ್ಮದಲ್ಲೂ ಒಂದೇ ಅಳತೆಯ, 3.5 ಮಿ.ಮೀ. ಅಗಲದ ಪುಟ್ಟ ಗಾಯ ಮಾಡಿ, ಎಷ್ಟು ದಿನಕ್ಕೆ ವಾಸಿಯಾಗುತ್ತದೆ ಎಂದು ನೋಡಿದರು. ಹೊಣೆಯಿಲ್ಲದವರಿಗೆ ಸರಾಸರಿ 39 ದಿನ ಬೇಕಾಯಿತು, ಆರೈಕೆಯ ಒತ್ತಡದಲ್ಲಿದ್ದವರಿಗೆ 48 ದಿನ ದಾಟಿತು. 1995ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿದ್ದವರು ಬೆರಳೆಣಿಕೆಯ ಜನ, ನಿಜ. ಆದರೆ ಒತ್ತಡದಿಂದ ಗಾಯ ಮಾಯುವುದು ನಿಧಾನವಾಗುತ್ತದೆ ಎಂಬುದನ್ನು ಆಮೇಲಿನ ಅಧ್ಯಯನಗಳೂ ತೋರಿಸಿವೆ.

ಕಾರಣ ಹೀಗೆ. ತಾತ್ಕಾಲಿಕ ಒತ್ತಡಕ್ಕೆ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳನ್ನು ಹೊರಬಿಟ್ಟು, ಕೆಲಸ ಮುಗಿದ ಮೇಲೆ ನಿಲ್ಲಿಸುತ್ತದೆ. ಕಾರ್ಟಿಸಾಲ್ ಬೆಳಿಗ್ಗೆ ಏರಿ ರಾತ್ರಿಗೆ ಇಳಿಯಬೇಕು. ಒತ್ತಡ ತಿಂಗಳುಗಟ್ಟಲೆ ಎಳೆದಾಗ ಈ ಏರಿಳಿತ ಹದಗೆಡುತ್ತದೆ, ರಾತ್ರಿ ಇಳಿಯಬೇಕಾದದ್ದು ಇಳಿಯುವುದಿಲ್ಲ. ರಕ್ಷಣಾ ವ್ಯವಸ್ಥೆ ಒಂದು ಕಡೆ ಮಂದವಾಗಿ, ಇನ್ನೊಂದು ಕಡೆ ಸಣ್ಣ ಉರಿಯೂತವನ್ನು ಆರದ ಬೂದಿಗೆಂಡದ ಹಾಗೆ ಉಳಿಸಿಕೊಳ್ಳುತ್ತದೆ. ರಕ್ತನಾಳ, ಸ್ನಾಯು, ಮೆದುಳು ಮೂರಕ್ಕೂ ಅದರ ಬಿಸಿ ತಾಗುತ್ತದೆ. (ವರ್ಣತಂತುಗಳ ತುದಿಯ ಟೆಲೊಮಿಯರ್ ಒತ್ತಡದಿಂದ ಗಿಡ್ಡವಾಗುತ್ತದೆ ಎಂಬುದನ್ನೂ ಓದಿರಬಹುದು. ಅದರ ಹಿಂದೆ ಸಂಶೋಧನೆ ಇದೆ. ಆದರೆ ಒಬ್ಬ ವ್ಯಕ್ತಿಯ ಟೆಲೊಮಿಯರ್ ಅಳೆದು ಆಯಸ್ಸು ಹೇಳುತ್ತೇವೆನ್ನುವ ಪರೀಕ್ಷೆಗಳಿಗೆ ದುಡ್ಡು ಸುರಿಯಬೇಡಿ.)

ಹಾರ್ಮೋನಿಗಿಂತ ದೊಡ್ಡ ದಾರಿ, ಕಣ್ಣಿಗೆ ಕಾಣುವ ದಾರಿ, ಇನ್ನೊಂದಿದೆ. ಮನಸ್ಸು ಕುಗ್ಗಿದವರು ನಡೆಯುವುದು ಬಿಡುತ್ತಾರೆ. ನಡೆಯದಿದ್ದರೆ ತೊಡೆಯ ಸ್ನಾಯು ಕರಗುತ್ತದೆ. ತೊಡೆಯಲ್ಲಿ ಬಲವಿಲ್ಲದಿದ್ದರೆ ಬೀಳುತ್ತಾರೆ. ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ. ಇನ್ನೊಂದು ಕಡೆಯಿಂದ ಮಾತ್ರೆ ತಪ್ಪುತ್ತದೆ, ಊಟ ಅರ್ಧಕ್ಕೇ ನಿಲ್ಲುತ್ತದೆ, ನೀರು ಕುಡಿಯುವುದು ಮರೆಯುತ್ತದೆ. ಇವು ಯಾವುವೂ ‘ಎಲ್ಲ ನಾರ್ಮಲ್’ ಎಂಬ ರಿಪೋರ್ಟಿನಲ್ಲಿ ಕಾಣಿಸುವುದಿಲ್ಲ. ಈ ದಾರಿಯನ್ನು ನಡುವೆ ಎಲ್ಲಿ ಬೇಕಾದರೂ ತಡೆಯಬಹುದು, ಅದಕ್ಕೆ ಮೊದಲು ಖುಷಿ ಬರಲಿ ಎಂದು ಕಾಯಬೇಕಿಲ್ಲ.

ಮದ್ದಿಗೆ ಹೋಗುವ ಮುನ್ನ ಒಂದು ತಪ್ಪು ತಿಳಿವಳಿಕೆ ಬಿಡಬೇಕು: ‘ವಯಸ್ಸಾಯಿತು, ಇದೆಲ್ಲ ಇದ್ದದ್ದೇ.’ ಇಲ್ಲ. ಮನೋವಿಜ್ಞಾನಿ ಲಾರಾ ಕಾರ್ಸ್ಟೆನ್ಸನ್ ಮತ್ತಿತರರ ದೀರ್ಘ ಅಧ್ಯಯನಗಳ ಪ್ರಕಾರ, ವಯಸ್ಸಾದಂತೆ ಹೆಚ್ಚಿನವರ ಭಾವಜೀವನ ಸುಧಾರಿಸುತ್ತದೆ. ಸಿಟ್ಟು, ಆತಂಕ ತಗ್ಗುತ್ತವೆ, ಬೇಕಾದ ನಾಲ್ಕು ಜನರನ್ನು ಉಳಿಸಿಕೊಂಡು ಬೇಡವಾದವರನ್ನು ಕೈಬಿಡುವ ಜಾಣತನ ಬರುತ್ತದೆ. 72ರ ವಯಸ್ಸಿನಲ್ಲಿ ಮಂಕಾಗಿ ಕೂರುವುದು ಸಹಜ ಮುಪ್ಪಿನ ಲಕ್ಷಣವಲ್ಲ, ಕಾರಣ ಹುಡುಕಬೇಕಾದ ಲಕ್ಷಣ.

ಇಲ್ಲಿರುವುದು ದುಃಖವೋ ಖಿನ್ನತೆಯೋ? ದುಃಖ ಅಲೆಯಂತೆ ಬರುತ್ತದೆ. ಹಬ್ಬದ ದಿನ, ಒಂದು ಸೀರೆ ಕಣ್ಣಿಗೆ ಬಿದ್ದಾಗ ಉಕ್ಕಿ, ನಡುವೆ ಮೊಮ್ಮಗುವಿನ ಮಾತಿಗೆ ನಗುವೂ ಬರುತ್ತದೆ. ಖಿನ್ನತೆಯಲ್ಲಿ ಅಲೆಯಿಲ್ಲ, ದಿನವೆಲ್ಲ ಒಂದೇ ಸಮನೆ ಮೋಡ. ವೃದ್ಧರಲ್ಲಿ ಅದು ಅಳುವಾಗಿ ಕಾಣಿಸಿಕೊಳ್ಳುವುದು ಕಡಿಮೆ. ಮೈಕೈ ನೋವು, ಮಲಬದ್ಧತೆ, ಊಟ ರುಚಿಸದಿರುವುದು, ಸಿಡುಕು, ಮರೆವು, ಬೆಳಗಿನ ಜಾವದ ಎಚ್ಚರ, ಇವುಗಳ ವೇಷದಲ್ಲಿ ಬರುತ್ತದೆ. ಹಾಗಾಗಿ ‘ಬೇಜಾರಾಗಿದೆಯಾ ಅಪ್ಪಾ’ ಎಂಬ ಪ್ರಶ್ನೆಗೆ ‘ಇಲ್ಲಮ್ಮ’ ಎಂಬ ಉತ್ತರ ಬಂದರೆ ಅದರಿಂದ ಏನೂ ತಿಳಿಯುವುದಿಲ್ಲ.

ವೈದ್ಯರು ಬಳಸುವ ಎರಡು ಪ್ರಶ್ನೆಗಳನ್ನು ನೀವೇ ಕೇಳಬಹುದು. ಕಳೆದ ಎರಡು ವಾರಗಳಲ್ಲಿ, ಒಂದು, ಮಾಡುವ ಕೆಲಸದಲ್ಲಿ ಆಸಕ್ತಿ ಅಥವಾ ಸಂತೋಷ ಇಲ್ಲದಂತಾಗಿತ್ತೇ? ಎರಡು, ಮನಸ್ಸು ಕುಗ್ಗಿ, ಇನ್ನೇನೂ ಉಳಿದಿಲ್ಲ ಎನ್ನಿಸುತ್ತಿತ್ತೇ? ಪ್ರತಿಯೊಂದಕ್ಕೂ ‘ಒಂದು ದಿನವೂ ಇಲ್ಲ’ ಎಂದರೆ 0, ‘ಕೆಲವು ದಿನ’ 1, ‘ಅರ್ಧಕ್ಕಿಂತ ಹೆಚ್ಚು ದಿನ’ 2, ‘ಹೆಚ್ಚೂಕಡಿಮೆ ದಿನವೂ’ 3. ಎರಡೂ ಸೇರಿ 3 ಅಥವಾ ಹೆಚ್ಚಾದರೆ ವೈದ್ಯರಿಂದ ಪೂರ್ಣ ತಪಾಸಣೆ ಆಗಬೇಕು. ಅವರು ಸಾಮಾನ್ಯವಾಗಿ ವೃದ್ಧರಿಗೆಂದೇ ಮಾಡಿದ 15 ಹೌದು–ಇಲ್ಲ ಪ್ರಶ್ನೆಗಳ ಪಟ್ಟಿ ಬಳಸುತ್ತಾರೆ. ಅದರಲ್ಲಿ ಅಂಕ 5 ದಾಟಿದರೆ ಖಿನ್ನತೆಯ ಅನುಮಾನ. ಇದರ ಜೊತೆಗೆ, ಸಾವಾಗಿ ವರ್ಷ ಕಳೆದ ಮೇಲೂ ಹಂಬಲ ದಿನನಿತ್ಯವೂ ಅಷ್ಟೇ ತೀವ್ರವಾಗಿದ್ದು ಬದುಕು ನಿಂತಲ್ಲೇ ನಿಂತಿದ್ದರೆ, ಅದನ್ನು ‘ದೀರ್ಘಶೋಕ’ ಎಂಬ ಪ್ರತ್ಯೇಕ ಸಮಸ್ಯೆಯಾಗಿ ವೈದ್ಯರು ಈಗ ಗುರುತಿಸುತ್ತಾರೆ. ಒಂದೂವರೆ ವರ್ಷ ಆಗಿರುವುದರಿಂದ ಈ ಮಾತನ್ನೂ ಅವರ ಮುಂದಿಡಿ.

‘ನಾನಿದ್ದು ಏನು ಪ್ರಯೋಜನ’, ‘ಅವಳ ಹಿಂದೆಯೇ ಹೋಗಿದ್ದರೆ ಚೆನ್ನಾಗಿತ್ತು’ ಎಂಬ ಮಾತು ಮತ್ತೆ ಮತ್ತೆ ಬಂದರೆ, ಮಾತ್ರೆ ಕೂಡಿಡುವುದು, ಸ್ವಂತ ವಸ್ತುಗಳನ್ನು ಹಂಚುವುದು, ಅನ್ನ ನೀರು ಬಿಡುವುದು ಕಂಡರೆ ಅದೇ ದಿನ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ, ಒಬ್ಬರನ್ನೇ ಬಿಡಬೇಡಿ. ‘ಸಾಯಬೇಕು ಎನ್ನಿಸುತ್ತದೆಯಾ’ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಎಂಬುದು ಬರೀ ಹೆದರಿಕೆ. ಕೇಳಿದರೆ ಅವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ.

ಈಗ ರಿಪೋರ್ಟಿನಲ್ಲಿ ಬಿಟ್ಟುಹೋಗಿರಬಹುದಾದವು. ಶುಗರಿಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಕಡಿಮೆಯಾಗುವುದುಂಟು. ಬಿ12 ಕೊರತೆಯಿಂದ ಸುಸ್ತು, ಮಂಕು, ಮರೆವು, ಕಾಲು ಜೋಮು ಹಿಡಿಯುವುದು ಎಲ್ಲವೂ ಬರಬಹುದು, ಶುಗರ್, ಬಿ.ಪಿ. ಮಾತ್ರ ನೋಡುವ ಮಾಮೂಲಿ ತಪಾಸಣೆಯಲ್ಲಿ ಇದು ಸೇರಿರುವುದಿಲ್ಲ. ತಂದೆಯವರ ಮಾತ್ರೆಯ ಹೆಸರು ನೋಡಿ, ಬಿ12 ಪರೀಕ್ಷೆ ಕೇಳಿ. ಜೊತೆಗೆ ಥೈರಾಯ್ಡಿನ ಟಿಎಸ್‌ಎಚ್, ಹಿಮೋಗ್ಲೋಬಿನ್, ಸೋಡಿಯಂ. ಥೈರಾಯ್ಡ್ ಗ್ರಂಥಿ ಮಂದವಾದರೆ ಖಿನ್ನತೆಯ ತದ್ರೂಪವೇ ಕಾಣುತ್ತದೆ. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆಗಳಿಂದ ಸೋಡಿಯಂ ಇಳಿದರೂ ಮಂಕು ಕವಿಯುತ್ತದೆ. ನಿದ್ರೆಗೆ, ಅಲರ್ಜಿಗೆ, ನೆಗಡಿಗೆ ಎಂದು ಚೀಟಿಯಿಲ್ಲದೆ ತಂದ ಮಾತ್ರೆಗಳಿದ್ದರೆ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಮುಂದೆ ಸುರಿಯಿರಿ. ಹೆಸರು ನೆನಪಿಟ್ಟು ಹೇಳುವುದಕ್ಕಿಂತ ಇದು ವಾಸಿ.

ಟಿ.ವಿ. ಜೋರಾಗಿ ಹಾಕುತ್ತಾರೆ ಎಂದು ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನಾವು ಅಡಿಗೆರೆ ಎಳೆದ ಸಾಲು ಅದು. ಕಿವಿ ಮಂದವಾದವರು ಮೊದಲು ಬಿಡುವುದು ಮಾತುಕತೆಯನ್ನು. ನಾಲ್ಕು ಜನ ಕೂತಾಗ ಅರ್ಧ ಕೇಳುವುದಿಲ್ಲ. ‘ಏನು, ಏನು’ ಎಂದು ಮೂರು ಸಲ ಕೇಳಲು ಸಂಕೋಚ, ತಪ್ಪು ಉತ್ತರ ಕೊಟ್ಟರೆ ನಗುತ್ತಾರೆಂಬ ಅವಮಾನ. ಕಡೆಗೆ ‘ನನಗೆ ಜನ ಬೇಡ’ ಎಂದು ತಾವೇ ನಂಬುತ್ತಾರೆ. ಹೆಂಡತಿ ಇದ್ದಾಗ ಆಕೆ ಪಕ್ಕದಲ್ಲಿ ಕೂತು ಇನ್ನೊಮ್ಮೆ ಹೇಳುತ್ತಿದ್ದಿರಬಹುದು. ಆ ಸಹಾಯ ಹೋದ ಮೇಲೆ ಕಿವುಡು ಬಯಲಾಗುತ್ತದೆ. ಮೊದಲು ಕಿವಿಯಲ್ಲಿ ಗುಗ್ಗೆ ಕಟ್ಟಿಕೊಂಡಿದೆಯೇ ಎಂದು ಇಎನ್‌ಟಿ ವೈದ್ಯರು ನೋಡಲಿ. ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ. ಆಮೇಲೆ ಶ್ರವಣ ಪರೀಕ್ಷೆ.

ಹಿಯರಿಂಗ್ ಏಡ್ ಬೇಕೆಂದಾದರೆ, ಅದು ಬೀರು ಸೇರದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ವರ್ಷಗಳಿಂದ ಮೌನಕ್ಕೆ ಒಗ್ಗಿದ ಮೆದುಳಿಗೆ ಮೊದಲ ದಿನ ನಲ್ಲಿಯ ನೀರು, ಪಾತ್ರೆಯ ಸದ್ದು, ತಮ್ಮದೇ ದನಿ ಎಲ್ಲವೂ ತಲೆ ಒಡೆಯುವಂತೆ ಕೇಳುತ್ತದೆ. ಮೊದಲ ದಿನವೇ ಸಮಾರಂಭಕ್ಕೆ ಹಾಕಿಕೊಂಡು ಹೋದವರು ಮರುದಿನ ಕಿತ್ತಿಡುತ್ತಾರೆ. ಮೊದಲ ವಾರ ಶಾಂತವಾದ ಕೋಣೆಯಲ್ಲಿ, ಒಬ್ಬರ ಜೊತೆ ಮಾತಾಡುತ್ತ, ದಿನಕ್ಕೆ ಒಂದೆರಡು ಗಂಟೆ ಸಾಕು. ವಾರವಾರ ಏರಿಸುತ್ತ ತಿಂಗಳೊಪ್ಪತ್ತಿನಲ್ಲಿ ಹಗಲೆಲ್ಲ ಹಾಕುವಂತಾಗಲಿ. ಎರಡು ಮೂರು ಸಲ ಮತ್ತೆ ಹೋಗಿ ದನಿಯ ಮಟ್ಟ ಹೊಂದಿಸಿಕೊಳ್ಳುವುದು ಇದರ ಭಾಗ, ಸಾಧನದ ದೋಷವಲ್ಲ. 70ರಿಂದ 84 ವಯಸ್ಸಿನ 977 ಮಂದಿಯ ಮೇಲೆ ಮೂರು ವರ್ಷ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎಲ್ಲರನ್ನೂ ಸೇರಿಸಿ ನೋಡಿದರೆ ಹಿಯರಿಂಗ್ ಏಡಿನಿಂದ ಬುದ್ಧಿಶಕ್ತಿಯ ಇಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಹೆಚ್ಚು ಅಪಾಯದಲ್ಲಿದ್ದ ಗುಂಪಿನಲ್ಲಿ ಆ ಇಳಿಕೆ ಸುಮಾರು ಅರ್ಧದಷ್ಟು ನಿಧಾನವಾಯಿತು.

ಮುಂದಿನದು ಮೂರು ಗಂಟೆಯ ಎಚ್ಚರ. ಇದನ್ನು ಕಾಯಿಲೆ ಎನ್ನುವ ಮೊದಲು ಕೂಡಿಸಿ ನೋಡಿ. ಎಂಟೂವರೆಗೆ ಮಲಗಿ ಮೂರಕ್ಕೆ ಎದ್ದರೆ ಆರೂವರೆ ಗಂಟೆ ಆಯಿತು. ಹಗಲಿನ ತೂಕಡಿಕೆ ಒಂದೂವರೆ ಗಂಟೆ ಎಂದಿಟ್ಟುಕೊಂಡರೂ ಒಟ್ಟು ಎಂಟು. ಈ ವಯಸ್ಸಿಗೆ ಏಳೆಂಟು ಗಂಟೆ ಸಾಕು. ನಿದ್ರೆ ಕಡಿಮೆಯಾಗಿಲ್ಲ, ಜಾಗ ತಪ್ಪಿದೆ. ಇಂಥವರಿಗೆ ನಿದ್ರೆ ಮಾತ್ರೆ ಕೊಟ್ಟರೆ ರಾತ್ರಿ ಮೂತ್ರಕ್ಕೆದ್ದಾಗ ಬೀಳುವುದು, ಹಗಲಿನ ಮಂಕು, ಮರೆವು, ಇಷ್ಟೇ ಲಾಭ. ಹೀಗೆ ಮಾಡಿ: ಎಷ್ಟೇ ಕೆಟ್ಟ ರಾತ್ರಿಯಾದರೂ ಏಳುವ ಸಮಯ ಒಂದೇ ಇರಲಿ, ಐದೂವರೆ ಎಂದಿಟ್ಟುಕೊಳ್ಳೋಣ. ಹಗಲಿನ ನಿದ್ರೆ ಮಧ್ಯಾಹ್ನ ಮೂರರೊಳಗೆ, ಅರ್ಧ ಗಂಟೆ ಮೀರದಂತೆ, ಹಾಸಿಗೆಯಲ್ಲಿ. ರಾತ್ರಿ ಮಲಗುವ ಸಮಯವನ್ನು ಮೂರು ನಾಲ್ಕು ದಿನಕ್ಕೊಮ್ಮೆ ಕಾಲು ಗಂಟೆ ಮುಂದೂಡುತ್ತ ಹತ್ತಕ್ಕೆ ತನ್ನಿ. ನಡುರಾತ್ರಿ ಎಚ್ಚರವಾಗಿ ಇಪ್ಪತ್ತು ನಿಮಿಷ ಕಳೆದರೂ ನಿದ್ರೆ ಬಾರದಿದ್ದರೆ ಹೊರಳಾಡದೆ ಎದ್ದು, ಮಂದ ಬೆಳಕಿನಲ್ಲಿ ಕೂತು, ಕಣ್ಣು ಎಳೆದಾಗ ಮತ್ತೆ ಮಲಗುವುದು. ಸಂಜೆಯ ಏಳರಿಂದ ಒಂಬತ್ತು ಕಷ್ಟದ ಹೊತ್ತು. ಆ ಎರಡು ಗಂಟೆ ಮನೆಯಲ್ಲಿ ಯಾರಾದರೂ ಮಾತಿಗಿರಬೇಕು, ಇಲ್ಲದಿದ್ದರೆ ಟಿ.ವಿ. ಮುಂದೆಯೇ ಕಣ್ಣು ಮುಚ್ಚುತ್ತದೆ. ಮೂರು ನಾಲ್ಕು ವಾರದಲ್ಲಿ ನಿದ್ರೆ ಹೊಸ ಜಾಗಕ್ಕೆ ಕೂರುತ್ತದೆ. ಇಷ್ಟು ಮಾಡಿದರೂ ಮೂರಕ್ಕೇ ಎಚ್ಚರವಾಗಿ, ಎದ್ದಕೂಡಲೇ ಮನಸ್ಸು ತೀರಾ ಭಾರವಾಗಿದ್ದು ಹೊತ್ತೇರಿದಂತೆ ತಿಳಿಯಾಗುತ್ತಿದ್ದರೆ ಅದು ಖಿನ್ನತೆಯ ಗುರುತು. ಜೋರಾದ ಗೊರಕೆ, ಉಸಿರು ಕಟ್ಟಿದಂತಾಗುವುದು ಇದ್ದರೆ ಅದು ಬೇರೆಯೇ ದಾರಿ. ನಿದ್ರೆಯ ಪರೀಕ್ಷೆ ಬೇಕು.

ದಿನಚರಿಯ ವಿಷಯದಲ್ಲಿ ನಿಯಮ ಒಂದೇ: ಮನಸ್ಸು ಬಂದ ಮೇಲೆ ಮಾಡೋಣ ಎಂದು ಕಾಯಬಾರದು, ಮಾಡಿದ ಮೇಲೆ ಮನಸ್ಸು ಬರುತ್ತದೆ. ಖಿನ್ನತೆಯ ಚಿಕಿತ್ಸೆಯಲ್ಲಿ ಇದು ಪರೀಕ್ಷಿಸಿ ಒಪ್ಪಿದ ವಿಧಾನ. ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ಗಂಟೆಗೆ ಏನು ಮಾಡಿದರು, ಆಗ ಮನಸ್ಸು 0ಯಿಂದ 10ರಲ್ಲಿ ಎಷ್ಟು. ಅಂಕವನ್ನು ಅವರೇ ಹೇಳಲಿ. ವಾರದ ಕೊನೆಗೆ ನೋಡಿದರೆ ಎಲ್ಲ 2, 3ರ ನಡುವೆ ಎಲ್ಲೋ ಒಂದು 5 ಇರುತ್ತದೆ. ಹಳೆಯ ಸ್ನೇಹಿತ ಫೋನ್ ಮಾಡಿದಾಗಲೋ, ಕೆಟ್ಟ ಸ್ವಿಚ್ಚನ್ನು ಬಿಚ್ಚಿ ಸರಿಮಾಡಿದಾಗಲೋ. ಮರುವಾರ ಆ 5ನ್ನು ಎರಡು ಸಲ ಬರುವಂತೆ ಮಾಡಿ. ಅಷ್ಟೇ, ಅದಕ್ಕಿಂತ ಹೆಚ್ಚಿಲ್ಲ. ಯೋಗ, ಭಜನೆ, ಹಿರಿಯರ ಸಂಘ, ಪ್ರವಾಸ ಎಲ್ಲವನ್ನೂ ಒಂದೇ ವಾರಕ್ಕೆ ತುರುಕಿದರೆ ಮೂರನೇ ದಿನಕ್ಕೆ ‘ನನ್ನ ಪಾಡಿಗೆ ಬಿಡಿ’ ಎನ್ನುತ್ತಾರೆ, ಆಮೇಲೆ ಆ ಬಾಗಿಲು ತೆರೆಯುವುದು ಕಷ್ಟ.

ನಡಿಗೆಯನ್ನು ಹತ್ತು ನಿಮಿಷದಿಂದ ಆರಂಭಿಸಿ. ಬೆಳಗಿನ ಬಿಸಿಲಿನಲ್ಲಿ, ಒಂದೇ ಸಮಯಕ್ಕೆ, ಜೊತೆಗೊಬ್ಬರು. ‘ನಡೀರಿ ಅಪ್ಪಾ, ನಿಮ್ಮ ಆರೋಗ್ಯಕ್ಕೆ ಒಳ್ಳೆಯದು’ ಎಂದರೆ ಕದಲದವರು ‘ಒಬ್ಬಳೇ ಹೋಗೋಕೆ ಬೇಜಾರು, ಸ್ವಲ್ಪ ಜೊತೆಗೆ ಬನ್ನಿ’ ಎಂದರೆ ಚಪ್ಪಲಿ ಮೆಟ್ಟುತ್ತಾರೆ. ವಾರಕ್ಕೆ ಐದು ನಿಮಿಷ ಏರಿಸುತ್ತ ಐದನೇ ವಾರಕ್ಕೆ ಅರ್ಧ ಗಂಟೆ. ವಾರಕ್ಕೆ ಐದು ದಿನವೆಂದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ 150 ನಿಮಿಷ ಸಿಗುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು. ಎದೆ ಹಿಡಿದಂತಾದರೆ, ಏದುಸಿರು ಬಂದರೆ ನಿಲ್ಲಿಸಿ ಡಾಕ್ಟರನ್ನು ಕಾಣಿ. ತೊಡೆಯ ಬಲಕ್ಕೆ, ಗೋಡೆಗೆ ತಾಗಿಸಿಟ್ಟ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಮೊದಲು ಐದು ಸಲ, ಆಮೇಲೆ ಹತ್ತು, ವಾರಕ್ಕೆ ಎರಡು ದಿನ. ಸಮತೋಲಕ್ಕೆ, ಗೋಡೆ ಪಕ್ಕದಲ್ಲಿ ಹೆಬ್ಬೆರಳಿಗೆ ಹಿಮ್ಮಡಿ ತಾಗಿಸಿ ಹತ್ತು ಹೆಜ್ಜೆ, ವಾರಕ್ಕೆ ಮೂರು ದಿನ.

ಜನಸಂಪರ್ಕವೆಂದರೆ ಜಾತ್ರೆಯಲ್ಲ. ವಾರದಲ್ಲಿ ನಿಗದಿಯಾದ ಎರಡು ಭೇಟಿ, ದಿನಕ್ಕೊಂದು ಫೋನ್ ಕರೆ, ಒಂದು ಹೊಣೆ. ಈ ಮೂರರಲ್ಲಿ ಮನೆಯವರು ಕೆಡಿಸುವುದು ಮೂರನೆಯದನ್ನು. ಪ್ರೀತಿಯಿಂದಲೇ ಕೆಡಿಸುತ್ತಾರೆ. ‘ನೀವು ಆರಾಮಾಗಿ ಕೂತ್ಕೊಳ್ಳಿ, ನಾವು ನೋಡ್ಕೋತೀವಿ’ ಎಂದು ಬಿಲ್ ಕಟ್ಟುವುದು, ಮಗುವನ್ನು ಶಾಲೆಗೆ ಬಿಡುವುದು, ಗಿಡಕ್ಕೆ ನೀರು ಹಾಕುವುದು ಎಲ್ಲವನ್ನೂ ಕೈಯಿಂದ ಕಿತ್ತುಕೊಂಡರೆ, ಬೆಳಿಗ್ಗೆ ಏಳಲು ಕಾರಣವೇ ಉಳಿಯುವುದಿಲ್ಲ. ಅವರು ಮಾಡದಿದ್ದರೆ ನಿಜವಾಗಿಯೂ ನಿಂತುಹೋಗುವ ಒಂದು ಕೆಲಸ ಅವರ ಪಾಲಿಗಿರಲಿ. ಸುಮ್ಮನೆ ಹೊತ್ತು ಕಳೆಯಲು ಕೊಟ್ಟ ಕೆಲಸ ಅವರಿಗೆ ಗೊತ್ತಾಗಿಬಿಡುತ್ತದೆ. ಹೊರಗಿನವರಿಗಾಗಿ ಏನಾದರೂ ಮಾಡುವ ಮನಸ್ಸಿದ್ದರೆ ವಾರಕ್ಕೆ ಎರಡು ಗಂಟೆ ಸಾಕು. ಅಮೆರಿಕದ 50 ದಾಟಿದ ಸುಮಾರು 13,000 ಜನರ ಅಧ್ಯಯನದಲ್ಲಿ ವರ್ಷಕ್ಕೆ 100 ಗಂಟೆ ಸ್ವಯಂಸೇವೆ ಮಾಡಿದವರಲ್ಲಿ ಸಾವಿನ ಅಪಾಯ ಕಡಿಮೆ ಇತ್ತು, ದೈಹಿಕ ಅಡಚಣೆಗಳೂ ಕಡಿಮೆ.

ತಾಯಿಯವರ ಮಾತನ್ನು ಮನೆಯಲ್ಲಿ ಎತ್ತದೇ ಇರಬೇಡಿ. ಅಪ್ಪನಿಗೆ ನೋವಾಗುತ್ತದೆಂದು ನೀವು ಸುಮ್ಮನಿರುತ್ತೀರಿ, ಮಗಳಿಗೆ ನೋವಾಗುತ್ತದೆಂದು ಅವರು ಸುಮ್ಮನಿರುತ್ತಾರೆ. ಭಾವನೆಯನ್ನು ಅದುಮಿಟ್ಟಾಗ ಮುಖ ಶಾಂತವಾಗಿದ್ದರೂ ದೇಹದ ಉದ್ವೇಗ ಇಳಿಯುವುದಿಲ್ಲ ಎಂದು ಪ್ರಯೋಗಗಳು ತೋರಿಸಿವೆ. ‘ಅಮ್ಮ ಇದನ್ನು ಹೇಗೆ ಮಾಡುತ್ತಿದ್ದರು’ ಎಂದು ಕೇಳಿ. ಅತ್ತರೆ ಅಳಲಿ.

ಖಿನ್ನತೆ ಎಂದೇ ತಿಳಿದುಬಂದರೆ ಇಷ್ಟರಿಂದಲೇ ಗುಣವಾಗಲಿ ಎಂದು ಹಟ ಬೇಡ. ವಾರಕ್ಕೊಂದರಂತೆ 8ರಿಂದ 12 ಸಲದ ಮಾತಿನ ಚಿಕಿತ್ಸೆ ವೃದ್ಧರಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಮಾತ್ರೆ ಬೇಕಾದರೆ ಸರ್ಟ್ರಾಲಿನ್, ಎಸ್ಸಿಟಾಲೊಪ್ರಾಮ್‌ನಂಥವನ್ನು ಅರ್ಧ ಪ್ರಮಾಣದಿಂದ ಆರಂಭಿಸುತ್ತಾರೆ. ನಾಲ್ಕು ಸಂಗತಿ ಗೊತ್ತಿರಲಿ. ಗುಣ ಕಾಣಲು ನಾಲ್ಕರಿಂದ ಆರು ವಾರ, ಈ ವಯಸ್ಸಿನಲ್ಲಿ ಎಂಟು ವಾರವೂ ಬೇಕಾಗಬಹುದು. ಹತ್ತು ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಡಬಾರದು. ಮೊದಲ ವಾರಗಳಲ್ಲಿ ಸೋಡಿಯಂ ಇಳಿಯಬಹುದು, ಗೊಂದಲ ಅಥವಾ ತೂರಾಟ ಕಂಡರೆ ಕೂಡಲೇ ರಕ್ತಪರೀಕ್ಷೆ ಆಗಬೇಕು. ಆಸ್ಪಿರಿನ್ ಅಥವಾ ನೋವಿನ ಮಾತ್ರೆ ಜೊತೆಗಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚುವುದರಿಂದ ಮೊದಲೇ ಹೇಳಬೇಕು. ಮನಸ್ಸು ಸರಿಯಾಯಿತೆಂದು ತಟ್ಟನೆ ನಿಲ್ಲಿಸಬಾರದು. ಗುಣವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಿ, ನಿಧಾನವಾಗಿ ಇಳಿಸುತ್ತಾರೆ. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಮಾತ್ರೆಗಳು ವೃದ್ಧರಲ್ಲಿ ಮೂತ್ರ ಕಟ್ಟುವುದು, ಮಲಬದ್ಧತೆ, ಗೊಂದಲ ತರುತ್ತವೆ. ಅದನ್ನು ಬರೆದುಕೊಟ್ಟರೆ ಕಾರಣ ಕೇಳಿ.

ಸುಧಾರಣೆ ಅಳೆಯಲು ‘ಈಗ ಖುಷಿಯಾಗಿದ್ದೀರಾ’ ಎಂದು ಕೇಳುತ್ತ ಕೂರಬೇಡಿ. ಈ ವಾರ ಎಷ್ಟು ನಿಮಿಷ ನಡೆದರು, ಮನೆಯ ಹೊರಗಿನ ಎಷ್ಟು ಜನರೊಡನೆ ಮಾತಾಡಿದರು, ಕುರ್ಚಿಯಿಂದ ಎಷ್ಟು ಸಲ ಎದ್ದರು, ಎಷ್ಟು ಗಂಟೆಗೆ ಎಚ್ಚರವಾಯಿತು, ಈ ನಾಲ್ಕು ಅಂಕಿ ಸಾಕು. ಆರೆಂಟು ವಾರದಲ್ಲಿ ಅಂಕಿಗಳು ಕದಲದಿದ್ದರೆ ಡಾಕ್ಟರಿಗೆ ಆ ಹಾಳೆಯನ್ನೇ ತೋರಿಸಿ.

ಇನ್ನೊಂದು. ಆ ಗಾಯದ ಪ್ರಯೋಗದಲ್ಲಿ ತಡವಾಗಿ ಗುಣವಾದದ್ದು ಕಾಯಿಲೆಯವರ ಗಾಯವಲ್ಲ, ಅವರನ್ನು ನೋಡಿಕೊಳ್ಳುತ್ತಿದ್ದವರ ಗಾಯ. ತಾಯಿ ಹೋದದ್ದು ನಿಮಗೂ ಒಂದೂವರೆ ವರ್ಷದ ಹಿಂದೆಯೇ. ಮೇಲಿನ ಎರಡು ಪ್ರಶ್ನೆಗಳಿಗೆ ನೀವೂ ಅಂಕ ಹಾಕಿಕೊಳ್ಳಿ. ಮೊತ್ತ 3 ಮುಟ್ಟಿದರೆ, ಡಾಕ್ಟರ ಬಳಿ ಸಮಯ ಗೊತ್ತುಮಾಡುವಾಗ ಇಬ್ಬರ ಹೆಸರನ್ನೂ ಬರೆಸಿ.